ಹಂಸಾಳ ಟೆಂಟಿನ ಕೋಲು

ಹೋದ ತಿಂಗಳು ಒಬ್ಬ ಹುಡುಗಿಯ ಅಂಗೈಗೆ ನಾಲ್ಕು ಹೊಲಿಗೆ ಬಿದ್ದವು. ನನ್ನಿಂದ.

ಹೊಡೆದೆನಾ? ಇಲ್ಲ. ನೂಕಿದೆನಾ? ಅದೂ ಇಲ್ಲ. ಎರಡು ಶಬ್ದ ಆಡಿದೆ, ಅಷ್ಟೇ. ಬೈಗುಳವಲ್ಲ. ಕೇಳಿದವರಿಗೆ ಸಂತೋಷವಾಗುವಂಥ ಶಬ್ದಗಳು.

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ವಾರ ಒದ್ದಾಡಿದೆ. ಒಂದು ವಾರ ನಾಗಪುರದ ಬಿಸಿಲಿನ ಬಗ್ಗೆ ಬರೆದು ಪಾರಾದೆ. ಮುಂದಿನ ವಾರ ನಮ್ಮ ಬಾಲ್ಕನಿಯ ಪಾರಿವಾಳಗಳ ಬಗ್ಗೆ. (ಪಾರಿವಾಳದ ಬರಹ ಚೆನ್ನಾಗಿತ್ತು ಅಂತ ನಿಮ್ಮಲ್ಲಿ ಕೆಲವರು ಮೆಸೇಜ್ ಮಾಡಿದಿರಿ. ಕ್ಷಮಿಸಿ, ಅದು ತಪ್ಪಿಸಿಕೊಳ್ಳಲು ಬರೆದದ್ದು.) ಇವತ್ತು ಮಾತ್ರ ಹೇಳಿಯೇ ಬಿಡುತ್ತೇನೆ.

ಮೊದಲು ನನ್ನ ದೊಡ್ಡಸ್ತಿಕೆ ಹೇಳಿಕೊಳ್ಳಬೇಕು. ಇಲ್ಲದಿದ್ದರೆ ಅದು ಹೋದಾಗ ಎಷ್ಟು ಉರಿಯಿತು ಅನ್ನುವುದು ನಿಮಗೆ ತಿಳಿಯುವುದಿಲ್ಲ.

ನಾವು ಬಾಗಲಕೋಟೆ ಕಡೆಯವರು. ಮನೆಯವರದು ರೈಲ್ವೆ ನೌಕರಿ. ವರ್ಗವಾಗಿ ನಾಗಪುರಕ್ಕೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ನಮ್ಮದೊಂದು ಕನ್ನಡದ ಗುಂಪಿದೆ, ಎಂಟು ಮನೆಗಳು. ರೈಲ್ವೆಯವರು, ಆರ್ಡನೆನ್ಸ್ ಫ್ಯಾಕ್ಟರಿಯವರು, ಕೋರಾಡಿಯ ಪವರ್ ಪ್ಲಾಂಟಿನವರು. ವರ್ಷಕ್ಕೆ ಮೂರು ಸಲ ಎಲ್ಲರೂ ಟೆಂಟ್ ಹೇರಿಕೊಂಡು ಉಮರೇಡ್ ರಸ್ತೆಯ ಒಂದು ಕೆರೆಯ ಪಕ್ಕಕ್ಕೆ ಹೋಗುತ್ತೇವೆ. ಗುರುತಿನ ರೈತರೊಬ್ಬರ ಖಾಲಿ ಹೊಲ. ಒಂದು ರಾತ್ರಿ ಅಲ್ಲಿದ್ದು ಮರುದಿನ ಬರುವುದು.

ಈ ಗುಂಪಿನಲ್ಲಿ ನನಗೊಂದು ಹುದ್ದೆಯಿತ್ತು. ಯಾರೂ ಕೊಟ್ಟದ್ದಲ್ಲ, ತಾನಾಗಿ ಬಂದದ್ದು. ನಾನು ಟೆಂಟ್ ಕೋಲುಗಳ ಮೇಲ್ವಿಚಾರಕಿ.

ನಗಬೇಡಿ. ಎಂಟು ವರ್ಷದ ಹಿಂದೆ ನಮ್ಮ ಮೊದಲ ಟೆಂಟಿನ ಕೋಲು ಎರಡನೇ ಸಲಕ್ಕೇ ಸೀಳಿತು. ಫೈಬರ್ ಗ್ಲಾಸಿನದು. ಸೀಳಿದ ಎಳೆಗಳು ಮುಳ್ಳಿನ ಹಾಗೆ ಮನೆಯವರ ಬೆರಳಿಗೆಲ್ಲ ಚುಚ್ಚಿದವು. ಅವರು ಟೆಂಟನ್ನೇ ಬಿಸಾಡೋಣ ಅಂದರು. ನಾನು ಮುರಿದ ತುಂಡು ಹಿಡಿದುಕೊಂಡು ಕಾಮಠಿಗೆ ಹೋದೆ. ಅಲ್ಲಿ ದಂಡಿನ ಕಡೆಯ ಬಜಾರಿನಲ್ಲಿ ಟೆಂಟ್ ಹೊಲಿಯುವ ಹಳೆಯ ಅಂಗಡಿಯಿದೆ. ಅದರ ಯಜಮಾನರು ವಯಸ್ಸಾದವರು, ಎಲ್ಲರೂ ಚಾಚಾ ಅನ್ನುತ್ತಾರೆ. ಜನ ಬಣ್ಣ ನೋಡಿ ಟೆಂಟ್ ಕೊಳ್ಳುತ್ತಾರೆ, ಕೋಲನ್ನು ಕೈಯಲ್ಲಿ ಹಿಡಿದೂ ನೋಡುವುದಿಲ್ಲ ಅನ್ನುವುದು ಅವರ ಸಿಟ್ಟು.

ಆ ಚಾಚಾ ನನಗೆ ಕಲಿಸಿದರು. ಫೈಬರ್ ಗ್ಲಾಸ್ ಅಗ್ಗ, ಆದರೆ ಸೀಳುತ್ತದೆ. ಅಲ್ಯುಮಿನಿಯಂ ಹಗುರ, ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತದೆ. ಕೋಲು ಬದಲಿಸುವಾಗ ಉದ್ದ ಮಾತ್ರವಲ್ಲ, ದಪ್ಪವೂ ಕೂದಲೆಳೆಯಷ್ಟು ತಪ್ಪಿಲ್ಲದಂತೆ ಹೊಂದಬೇಕು. ಬಟ್ಟೆಯೊಳಗಿಂದ ತೆಗೆಯುವಾಗ ಕೋಲನ್ನು ನೂಕಬೇಕು, ಎಳೆಯಬಾರದು. ಎಳೆದರೆ ಒಂದರೊಳಗೊಂದು ಕೂತ ತುಂಡುಗಳು ಬಿಚ್ಚಿಕೊಂಡು ಬಟ್ಟೆ ಹರಿಯುತ್ತದೆ. ಮಡಚುವಾಗ ನಡುವಿನಿಂದ ಶುರುಮಾಡಬೇಕು, ಆಗ ಒಳಗಿನ ಎಲಾಸ್ಟಿಕ್ ದಾರಕ್ಕೆ ಎರಡೂ ಕಡೆ ಸಮನಾಗಿ ಜಗ್ಗು ಬೀಳುತ್ತದೆ. ನಾಗಪುರದ ಮೇ ತಿಂಗಳಲ್ಲಿ ತಗಡಿನ ಕೆಳಗಿನ ಅಟ್ಟದಲ್ಲಿ ಇಟ್ಟಿರೋ, ದಾರ ಸತ್ತಹಾಗೆ. ಎಲ್ಲಕ್ಕಿಂತ ಮುಖ್ಯ, ಪ್ರತಿಸಲ ಟೆಂಟ್ ಹಾಕುವ ಮುನ್ನ ಒಂದೊಂದು ತುಂಡಿನ ಬಾಯಿಯ ಮೇಲೂ, ಅಂದರೆ ಮುಂದಿನ ತುಂಡು ಕೂರುವ ಅಂಚಿನ ಮೇಲೆ, ಬೆರಳಾಡಿಸಬೇಕು. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.

ಅಂದಿನಿಂದ ಎಂಟು ಮನೆಯ ಕೋಲುಗಳೂ ನನ್ನ ಕೈಕೆಳಗೆ. ಆರ್ಡನೆನ್ಸ್ ಫ್ಯಾಕ್ಟರಿಯ ಹಿರೇಮಠರು ಟೆಂಟ್ ಹಾಕುವ ಮೊದಲು 'ವೈನಿ, ನೋಡ್ರಿ ಸ್ವಲ್ಪ' ಅಂತ ಕೋಲು ಒಡ್ಡುತ್ತಿದ್ದರು. ಫಿರಂಗಿ ಗುಂಡಿನ ಲೆಕ್ಕ ಹಿಡಿಯುವ ಮನುಷ್ಯ! ನನಗೆ ಎಷ್ಟು ಹಿಗ್ಗು, ನೀವೇ ಊಹಿಸಿ.

ಒಬ್ಬಳು ಮಾತ್ರ ಒಲಿಯಲಿಲ್ಲ. ನನ್ನ ಮಗಳು ತನ್ವಿ. ಈಗ ಒಂಬತ್ತನೇ ಕ್ಲಾಸು. ಕೋಲಿನ ಇನ್ನೊಂದು ತುದಿ ಹಿಡಿ ಬಾ ಅಂದರೆ 'ಮಮ್ಮಿ, ಬೋರ್ ಮತ್ ಕರೋ' ಅಂತ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾರಿನಲ್ಲೇ ಕೂರುವವಳು.

ಹೀಗಿರುವಾಗ ನವೆಂಬರಿನಲ್ಲಿ ಹಂಸಾ ಬಂದಳು.

ಮೈಸೂರಿನವಳು. ಮೂವತ್ತು ದಾಟಿರಬಹುದು. ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಒಬ್ಬಳೇ ಇರುತ್ತಾಳೆ. ಹಿರೇಮಠರ ಮನೆಯವರಿಗೆ ಯಾವುದೋ ಮದುವೆ ಊಟದಲ್ಲಿ ಪರಿಚಯವಾಗಿ ಗುಂಪಿಗೆ ಬಂದಳು. ಸಭ್ಯ ಹುಡುಗಿ, ನಗುಮುಖ. ಎಲ್ಲರಿಗೂ ನಾನು ವೈನಿ, ಅಂದರೆ ಅತ್ತಿಗೆ. ಅವಳು ಮೊದಲ ದಿನವೇ 'ಆಂಟಿ' ಅಂದಳು. ಸರಿ, ಪರವಾಗಿಲ್ಲ. (ಪರವಾಗಿತ್ತು.)

ಡಿಸೆಂಬರಿನ ಕ್ಯಾಂಪಿಗೆ ಅವಳು ತನ್ನ ಟೆಂಟ್ ತಂದಳು. ಹಿಮಾಲಯಕ್ಕೆಲ್ಲ ಹೋಗಿಬಂದ ಟೆಂಟಂತೆ. ಚಿನ್ನದ ಬಣ್ಣದ ಅಲ್ಯುಮಿನಿಯಂ ಕೋಲುಗಳು. ಚೀಲದಿಂದ ತೆಗೆದು ಒಮ್ಮೆ ಝಾಡಿಸಿದಳು. ತುಂಡುಗಳು ಟಕಟಕ ಅಂತ ತಾವಾಗಿಯೇ ಒಂದಕ್ಕೊಂದು ಕೂತುಬಿಟ್ಟವು. ಆರು ನಿಮಿಷದಲ್ಲಿ ಟೆಂಟ್ ನಿಂತಿತು. ನಾವು ಇನ್ನೂ ಗೂಟ ಎಣಿಸುತ್ತಿದ್ದೆವು.

ಹೆಂಗಸರೆಲ್ಲ ಅಲ್ಲಿಗೆ ಹೋದರು. ಹಿಂದೆಯೇ ಗಂಡಸರು. ಹಿರೇಮಠರು ಕೋಲನ್ನು ಕೈಯಲ್ಲಿ ತೂಗಿ ನೋಡಿ, ಇದು ಮಾಲು ಅಂದರೆ ಮಾಲು ಅಂದರು. ನನ್ನ ಕಡೆ ಯಾರೂ ಕೋಲು ಒಡ್ಡಲಿಲ್ಲ. ಹೋಗಲಿ. ಆದರೆ ಅವಳ ಕೋಲಿನ ಇನ್ನೊಂದು ತುದಿ ಹಿಡಿದು ನಿಂತಿದ್ದಳಲ್ಲ, ಅವಳು ಯಾರು ಗೊತ್ತೇ? ತನ್ವಿ. ಇಯರ್‌ಫೋನ್ ಇಲ್ಲ. 'ದೀದಿ, ಈಗ ಇದನ್ನ ಎಲ್ಲಿ ಹಾಕಬೇಕು?' ಅಂತ ಕೇಳುತ್ತಿದ್ದಳು.

ನಾನು ನಮ್ಮ ಗೂಟಗಳನ್ನು ಮತ್ತೆ ಒಂದರಿಂದ ಎಣಿಸಿದೆ.

ಮನೆಗೆ ಬಂದ ಮೇಲೆ ನನ್ನ ಉರಿ ಬೆಳೆಯಿತು. ತನ್ವಿ ದಿನಕ್ಕೆ ಹತ್ತು ಸಲ 'ಹಂಸಾ ದೀದಿ' ಅನ್ನತೊಡಗಿದಳು. ದೀದಿ ಹಾಗಂದರು, ದೀದಿ ಹೀಗೆ ಮಾಡ್ತಾರೆ. ಭಾನುವಾರ ದೀದಿ ಮನೆಗೆ. ದೀದಿ ಮಾಡುವ ಸಪ್ಪೆ ಉಪ್ಪಿಟ್ಟು ಕೂಡ ಫಸ್ಟ್ ಕ್ಲಾಸಂತೆ. ನನ್ನದು ಹದಿನಾಲ್ಕು ವರ್ಷ ತಿಂದಿದ್ದಾಳೆ, ಒಂದು ದಿನ ಹಾಗಂದವಳಲ್ಲ. ನಾನು ಗುಟ್ಟಾಗಿ ಫೋನಿನಲ್ಲಿ ಆ ಟೆಂಟಿನ ಫೋಟೋ ಹುಡುಕಿ ನೋಡತೊಡಗಿದೆ. ಅದಕ್ಕೆ ಯಾರಾದರೂ ಕೆಟ್ಟ ರಿವ್ಯೂ ಬರೆದಿದ್ದಾರಾ ಅಂತ. ಒಬ್ಬ ಬರೆದಿದ್ದ, ಚೀಲ ಚಿಕ್ಕದಾಯಿತು ಅಂತ. ಅಷ್ಟಕ್ಕೇ ಅರ್ಧ ದಿನ ಖುಷಿಯಾಗಿದ್ದೆ.

ಐವತ್ತರ ಹತ್ತಿರದ ಹೆಂಗಸು, ಅಂಕಣ ಬರೆಯುವವಳು, ಜನರಿಗೆ ಬುದ್ಧಿ ಹೇಳುವವಳು. ನಾಚಿಕೆಯಾಗುವುದಿಲ್ಲವೇ ಅಂದಿರಾ? ಆಗುತ್ತಿತ್ತು. ನಾಚಿಕೆ ಆಗುತ್ತಲೇ ಇತ್ತು, ಹೊಟ್ಟೆ ಉರಿಯುತ್ತಲೂ ಇತ್ತು. ಒಂದು ಬಂದರೆ ಇನ್ನೊಂದು ಹೋಗುತ್ತದೆ ಅಂತ ಯಾರು ಹೇಳಿದರೋ.

ಫೆಬ್ರವರಿಯಲ್ಲಿ ಮತ್ತೆ ಕ್ಯಾಂಪ್. ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕೆರೆ ಮುಟ್ಟಿದೆವು. ಪಶ್ಚಿಮಕ್ಕೆ ಸ್ವಲ್ಪ ಮೋಡ ಇತ್ತು. ಹೊಲದ ರೈತರು ಅವಕಾಳಿ ಬರಬಹುದು, ಹಗ್ಗ ಬಿಗಿಯಾಗಿ ಕಟ್ಟಿರಿ ಅಂತ ಮರಾಠಿಯಲ್ಲಿ ಹೇಳಿ ಹೋದರು. ಹೊತ್ತಲ್ಲದ ಹೊತ್ತಿನ ಗಾಳಿಮಳೆಗೆ ಇಲ್ಲಿ ಅವಕಾಳಿ ಅನ್ನುತ್ತಾರೆ.

ಹಂಸಾ ಕೋಲು ಜೋಡಿಸಿದಳು. ಸುತ್ತ ಮತ್ತೆ ಮೂರ್ನಾಲ್ಕು ಜನ. ಇನ್ನೊಂದು ತುದಿಯಲ್ಲಿ ಮತ್ತೆ ತನ್ವಿ. ಅವರಿಬ್ಬರೂ ಏನಕ್ಕೋ ನಗುತ್ತಿದ್ದರು. ನಾನು ಹತ್ತಿರ ಹೋದಾಗ ನಗು ನಿಂತಿತು. ಹಂಸಾ ಕೋಲನ್ನು ನನ್ನ ಕಡೆ ಒಡ್ಡಿ, ತುಂಬ ಮರ್ಯಾದೆಯಿಂದಲೇ ಕೇಳಿದಳು.

"ಆಂಟಿ, ಒಂದ್ಸಲ ನೋಡ್ತೀರಾ? ಕೋಲಿನ ವಿಷಯ ನಿಮಗೇ ಚೆನ್ನಾಗಿ ಗೊತ್ತು ಅಂತ ಎಲ್ರೂ ಹೇಳ್ತಾರೆ. ಗಾಳಿ ಬೇರೆ ಬರತ್ತಂತೆ."

ನಾನು ಬೆರಳಾಡಿಸಿದೆ. ಒಂದು, ಎರಡು, ಮೂರು. ನಾಲ್ಕನೇ ತುಂಡಿನ ಬಾಯಿಯಲ್ಲಿ ಉಗುರಿಗೆ ಏನೋ ತಾಗಿತು. ಮತ್ತೆ ಆಡಿಸಿದೆ. ಬಿರುಕು. ಅನುಮಾನವೇ ಇಲ್ಲ. ಎರಡು ಬೆರಳಿನಷ್ಟು ಉದ್ದ.

ಅವಳು ಕಾಯುತ್ತಿದ್ದಳು. ತನ್ವಿ ನನ್ನನ್ನಲ್ಲ, ಅವಳನ್ನು ನೋಡುತ್ತಿದ್ದಳು.

"ಚಲೋ ಐತಿ," ಅಂದೆ.

ಅಷ್ಟೇ. ಕೋಲು ವಾಪಸು ಕೊಟ್ಟು ಬಂದೆ.

ಯಾಕೆ ಅಂದೆ? ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: ಒಮ್ಮೆ ಬಾಗಲಿ. ಎಲ್ಲರೂ ನೋಡಲಿ. ಅಷ್ಟು ಸಾಕು. ಯಾರಿಗೂ ಏಟಾಗಲಿ ಅಂತ ಖಂಡಿತ ಇರಲಿಲ್ಲ. ಆದರೆ ಏಟಾಗಬಾರದು ಅಂತ ಯೋಚಿಸಿದೆನಾ? ಅದೂ ಇಲ್ಲ.

ತಿದ್ದಿಕೊಳ್ಳಲು ಅವಕಾಶ ಸಿಗಲಿಲ್ಲವೇ? ಸಿಕ್ಕಿತ್ತು. ನಾಲ್ಕೂವರೆಗೆ ತನ್ವಿ ತನ್ನ ಹೊದಿಕೆ ಎತ್ತಿಕೊಂಡು, ಇವತ್ತು ದೀದಿ ಟೆಂಟಿನಲ್ಲೇ ಮಲಗುತ್ತೇನೆ ಅಂತ ಹೊರಟಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಚಳಿ ಅಂದೆ. ಅವರಿಗೆ ತೊಂದರೆ ಅಂದೆ. ನಿನ್ನ ಅಪ್ಪ ಗೊರಕೆ ಹೊಡೆಯುವುದಿಲ್ಲ ಅಂತ ಸುಳ್ಳು ಕೂಡ ಹೇಳಿದೆ. ಎಲ್ಲ ನೆಪ ಹೇಳಿದೆ, ನಿಜ ಒಂದನ್ನು ಬಿಟ್ಟು. ನಿಜ ಹೇಳಿದರೆ ಮೊದಲು ಹೇಳಿದ್ದು ಸುಳ್ಳು ಅಂತಾಗುತ್ತದಲ್ಲ!

ತನ್ವಿ ಹೋದಳು.

ನಾನು ನಮ್ಮ ಟೆಂಟಿನ ಮುಂದೆ ಚಹಾ ಹಿಡಿದು ಕೂತೆ. ಅವಳ ಟೆಂಟ್ ಹತ್ತು ಹೆಜ್ಜೆ ದೂರ. ಟೆಂಟಿನ ಬಟ್ಟೆಗೆ ಗೋಡೆಯ ಗುಣ ಇರುವುದಿಲ್ಲ, ಒಳಗಿನ ಮಾತೆಲ್ಲ ಹೊರಗೆ. ತನ್ವಿ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಕ್ಲಾಸಿನಲ್ಲಿ ಅವಳ ಜೊತೆ ಕೂರುತ್ತಿದ್ದ ಗೆಳತಿ ಮಾತು ಬಿಟ್ಟಿದ್ದಾಳಂತೆ. ದೀಪಾವಳಿಯಿಂದ. ಟಿಫಿನ್ ಹೊತ್ತಿಗೆ ಇವಳು ಒಬ್ಬಳೇ ಕೂರುತ್ತಾಳಂತೆ.

ದೀಪಾವಳಿಯಿಂದ! ಆ ಟಿಫಿನ್ ಕಟ್ಟಿದವಳು ನಾನು. ದಿನಾ ಸಂಜೆ ಡಬ್ಬಿ ತೊಳೆಯುವಾಗ 'ಸ್ಕೂಲು ಹೆಂಗಿತ್ತು' ಅಂತ ಕೇಳಿದವಳೂ ನಾನು. 'ಬರೋಬರ್ ಇತ್ತು' ಅನ್ನುತ್ತಿದ್ದಳು.

ಎದ್ದು ಹೋಗಿ ಆ ಟೆಂಟಿನ ಝಿಪ್ ಎಳೆದು ಮಗಳನ್ನು ಹೊರಗೆ ಕರೆಯಬೇಕು ಅನ್ನಿಸಿತು. ಹಂಸಾ ಏನು ಉತ್ತರ ಕೊಡುತ್ತಾಳೆ ಅಂತ ಕೇಳಬೇಕು ಅಂತಲೂ ಅನ್ನಿಸಿತು. ಕಿವಿ ಅಲ್ಲೇ ಇಟ್ಟು ಕೂತುಬಿಟ್ಟೆ. ಆಗಲೇ ಗಾಳಿ ಎದ್ದದ್ದು.

ಅವಕಾಳಿಗೆ ಪೀಠಿಕೆ ಇರುವುದಿಲ್ಲ. ಕೆರೆಯ ಮೇಲಿನಿಂದ ಒಮ್ಮೆಲೇ ಬಂತು. ತಟ್ಟೆಗಳು ಹಾರಿದವು. ಎಲ್ಲರೂ ಹಗ್ಗ ಹಿಡಿಯಲು ಓಡಿದರು. ಹಂಸಾಳ ಟೆಂಟ್ ಒಂದು ಕಡೆಗೆ ವಾಲಿತು, ಎದ್ದಿತು, ಮತ್ತೆ ವಾಲಿತು. ನಾನು ಓಡಿದೆ. 'ತನ್ವಿ, ಹೊರಗ ಬಾ' ಅಂತ ಕೂಗಿದೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಆ ಸದ್ದು. ಒಣ ಕಟ್ಟಿಗೆ ಮುರಿದ ಸದ್ದಲ್ಲ, ಅದಕ್ಕಿಂತ ತೆಳು. ಚಾವಣಿ ಕುಸಿಯಿತು.

ಝಿಪ್ ತೆಗೆದಾಗ ತನ್ವಿ ಮಂಡಿಯ ಮೇಲೆ ಮುಖವಿಟ್ಟು ಮುದುಡಿ ಕೂತಿದ್ದಳು. ಅವಳ ತಲೆಯ ಮೇಲೆ ಹಂಸಾಳ ಕೈ. ಮುರಿದ ಕೋಲಿನ ತುದಿ ಬಟ್ಟೆ ಸೀಳಿ ಒಳಗೆ ಬಂದಿತ್ತು. ಹಂಸಾ ಅದನ್ನು ಬರಿಗೈಯಲ್ಲಿ ತಡೆದು ಹಿಡಿದಿದ್ದಳು. ಹೊದಿಕೆಯ ಮೇಲೆ ರಕ್ತ. ಮಗಳದಲ್ಲ. ನೋಡಿದ ಕೂಡಲೇ ನನಗಾದದ್ದು ಸಮಾಧಾನ. ಅದನ್ನೂ ಬರೆದುಬಿಡುತ್ತೇನೆ.

ಮನೆಯವರು ಕಾರು ತೆಗೆದು ಹಂಸಾಳನ್ನು ಉಮರೇಡಿನ ದವಾಖಾನೆಗೆ ಕರೆದುಕೊಂಡು ಹೋದರು. ತನ್ವಿ ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ನಾನು ಹೋಗಲಿಲ್ಲ. ಧೈರ್ಯ ಬರಲಿಲ್ಲ. ಅಲ್ಲೇ ಉಳಿದು ಏನು ಮಾಡಿದೆ ಗೊತ್ತೇ? ನನ್ನ ಚೀಲದಲ್ಲಿ ಸದಾ ಇರುವ ಪೈಪಿನ ತುಂಡನ್ನು ಮುರಿದ ಜಾಗಕ್ಕೆ ಏರಿಸಿ, ಎರಡೂ ಕಡೆ ಟೇಪ್ ಸುತ್ತಿ, ಅವಳ ಟೆಂಟನ್ನು ಮತ್ತೆ ನಿಲ್ಲಿಸಿದೆ. ಗಾಳಿ ಅಷ್ಟರಲ್ಲಿ ಇಳಿದಿತ್ತು. ಎಲ್ಲರೂ ಸುತ್ತ ನಿಂತು ನೋಡಿದರು. ಚಿನ್ನದ ಬಣ್ಣ ಇದ್ದರೇನು ಬಂತು, ಕೊನೆಗೆ ವೈನಿ ಕೈಯೇ ಬೇಕಾಯಿತು ಅಂದರು ಹಿರೇಮಠರು.

ಡಿಸೆಂಬರಿನಿಂದ ಕಾದಿದ್ದ ಮಾತು. ಕೇಳಿ, ಟೇಪಿನ ಸುರುಳಿ ಚೀಲಕ್ಕೆ ತುರುಕಿ ನಮ್ಮ ಟೆಂಟಿನೊಳಗೆ ಹೋದೆ.

ಹಂಸಾ ಬಲಗೈಗೆ ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದಳು. ಬಂದವಳೇ ಎಲ್ಲರ ಕ್ಷಮೆ ಕೇಳಿದಳು. ತುಂಡನ್ನು ತಾನೇ ಪೂರ್ತಿ ಒಳಗೆ ಕೂರಿಸಿರಲಿಲ್ಲ ಅನ್ನಿಸುತ್ತದೆ, ತನ್ನಿಂದ ಎಲ್ಲರ ಕ್ಯಾಂಪ್ ಹಾಳಾಯಿತು ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಟೆಂಟ್ ರಿಪೇರಿ ಮಾಡಿದ್ದಕ್ಕೆ ಥ್ಯಾಂಕ್ಸ್ ಆಂಟಿ ಅಂದಳು.

ನಾನು ಏನೂ ಅನ್ನಲಿಲ್ಲ. ಸುಮ್ಮನಿದ್ದರೆ ಎಷ್ಟು ಜನ ನಿಮ್ಮನ್ನು ವಿನಯವಂತರು ಅಂದುಕೊಳ್ಳುತ್ತಾರೆ!

ನಿಮಗೊಂದು ಪ್ರಶ್ನೆ. ಆಫೀಸಿನಲ್ಲಿ ಪಕ್ಕದವರ ಫೈಲಿನ ತಪ್ಪು ಕಣ್ಣಿಗೆ ಬಿದ್ದೂ 'ಸರಿಯಿದೆ' ಅಂತ ದಾಟಿಸಿದ್ದೀರಾ? ಓರಗಿತ್ತಿಯ ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಗೊತ್ತಿದ್ದೂ ಬಡಿಸಲು ಬಿಟ್ಟಿದ್ದೀರಾ? ನಾವೆಲ್ಲ ಹೊಟ್ಟೆಕಿಚ್ಚು ಅಂದರೆ ಜಗಳ, ಚಾಡಿ, ಕಣ್ಣು ಕೆಂಪಗಾಗುವುದು ಅಂದುಕೊಂಡಿದ್ದೇವೆ. ಅಲ್ಲ ಸ್ವಾಮಿ. ಅದು ಬಹಳ ಸಲ ತಣ್ಣಗೆ ಹೊಗಳುತ್ತದೆ.

ಬುಧವಾರ ನಾನು ಕ್ಯಾಂಪಿನಿಂದ ರಿಪೇರಿಗೆಂದು ತಂದಿದ್ದ ಹಂಸಾಳ ಕೋಲು ತೆಗೆದುಕೊಂಡು ಕಾಮಠಿಗೆ ಹೋದೆ. ಪೈಪು ಏರಿಸುವುದೆಲ್ಲ ತಾತ್ಕಾಲಿಕ, ತುಂಡನ್ನೇ ಬದಲಿಸಬೇಕು. ಚಾಚಾ ಕನ್ನಡಕ ಏರಿಸಿ, ದಪ್ಪ ಅಳೆದು, ಹಳೆಯ ಡಬ್ಬಿಗಳಲ್ಲಿ ಹುಡುಕಿ ಅದಕ್ಕೆ ಹೊಂದುವ ಕೊಳವೆ ತೆಗೆದರು. ಉದ್ದಕ್ಕೆ ಕತ್ತರಿಸಿ ಅಂಚು ಉಜ್ಜಿದರು. ಆಮೇಲೆ ಮುರಿದದ್ದನ್ನು ಬೆಳಕಿಗೆ ಹಿಡಿದು, ಈ ಬಿರುಕು ಹಳೆಯದು ಅಂದರು. ನಿಮ್ಮ ಬೆರಳಿಗೆ ಸಿಗಲಿಲ್ಲವೇ ಅಂತ ಕೇಳಿದರು.

ಸಿಗಲಿಲ್ಲ ಅಂದೆ. ನಿಮಗೂ ವಯಸ್ಸಾಯಿತು ಬಿಡಿ ಅಂತ ನಕ್ಕರು. ಆ ಒಂದು ಬಿರುಕಿಗೆ ಈಗ ನನ್ನ ಎರಡು ಸುಳ್ಳುಗಳಾದವು.

ಅಲ್ಲಿಂದ ಸೀದಾ ಹಂಸಾಳ ಮನೆಗೆ ಹೋದೆ. ಮೂರನೇ ಮಹಡಿ. ಎಡಗೈಯಲ್ಲಿ ಚಮಚ ಹಿಡಿದು ತರಿಸಿದ ಡಬ್ಬಿಯ ಅನ್ನ ತಿನ್ನುತ್ತಿದ್ದಳು. ಎದ್ದು ಕುರ್ಚಿ ಎಳೆದುಕೊಟ್ಟಳು. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿ ನಿಂತೇ ಹೇಳಿದೆ. ಬಿರುಕು ಅವತ್ತೇ ನನ್ನ ಬೆರಳಿಗೆ ಸಿಕ್ಕಿತ್ತು. ಗೊತ್ತಿದ್ದೂ ಚಲೋ ಐತಿ ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಚಮಚ ಕೆಳಗಿಟ್ಟಳು.

"ಯಾಕೆ ಆಂಟಿ?"

"ಹೊಟ್ಟೆಕಿಚ್ಚು," ಅಂದೆ. "ಟೆಂಟಿನ ಮ್ಯಾಲೆ ಅಲ್ಲ. ನನ್ನ ಮಗಳು ನಿನ್ನ ಜೋಡಿ ನಗತಾಳ, ಅದಕ್ಕ."

ಸಮಾಧಾನದ ಮಾತು ಬರುತ್ತದೆ ಅಂತ ನಾನು ಒಳಗೊಳಗೇ ಕಾಯುತ್ತಿದ್ದೆ. ತಪ್ಪು ಒಪ್ಪಿಕೊಂಡವರಿಗೆಲ್ಲ ಇರುವ ದುರಾಸೆ ಅದು. ಹೋಗಲಿ ಬಿಡಿ ಆಂಟಿ ಅಂದುಬಿಟ್ಟರೆ ಮನೆಗೆ ಹೋಗಿ ನಿದ್ದೆ ಮಾಡಬಹುದು. ಅವಳು ಹಾಗೆ ಅನ್ನಲಿಲ್ಲ.

"ನನಗೆ ತುಂಬಾ ಕೋಪ ಬರ್ತಿದೆ," ಅಂದಳು, ದನಿ ಏರಿಸದೆ. "ಇವತ್ತೇ ಹೋಗೋ ಥರ ಇಲ್ಲ ಇದು. ತನ್ವಿಗೆ ಗೊತ್ತಾ?"

ಇಲ್ಲ ಅಂದೆ.

"ನಾನು ಹೇಳಲ್ಲ. ನೀವೇ ಹೇಳ್ಬೇಕು."

ಕೋಲನ್ನೂ ಹೊಸ ತುಂಡನ್ನೂ ಮೇಜಿನ ಮೇಲೆ ಇಟ್ಟು ಹೊರಡಲು ತಿರುಗಿದೆ. ಅದನ್ನು ಹಾಕಿಕೊಟ್ಟು ಹೋಗಿ ಅಂದಳು. ಒಂದು ಕೈಯಲ್ಲಿ ಆಗುವ ಕೆಲಸವಲ್ಲ ಅದು. ಕೋಲಿನ ತುದಿಯ ಗಂಟು ಬಿಚ್ಚಿ, ತುಂಡುಗಳನ್ನು ಒಂದೊಂದಾಗಿ ಕಳಚಿ, ನಾಲ್ಕನೆಯದರ ಜಾಗಕ್ಕೆ ಹೊಸದನ್ನು ಇಟ್ಟು, ಎಲಾಸ್ಟಿಕ್ ದಾರವನ್ನು ತೆಳು ತಂತಿಗೆ ಕಟ್ಟಿ ಮತ್ತೆ ಎಲ್ಲದರ ಒಳಗಿಂದ ಎಳೆಯಬೇಕು. ದಾರವೂ ಸಡಿಲಾಗಿತ್ತು, ಒಂದು ಗೇಣು ಕತ್ತರಿಸಿ ಗಂಟು ಹಾಕಿದೆ. ಅರ್ಧ ಗಂಟೆ ಹಿಡಿಯಿತು. ಅವಳು ಎಡಗೈಯಲ್ಲಿ ಇನ್ನೊಂದು ತುದಿ ಹಿಡಿದು ಕೂತಿದ್ದಳು.

ಮುಗಿದ ಮೇಲೆ ಅವಳು ಕೋಲು ತೆಗೆದುಕೊಂಡು, ಪ್ರತಿಯೊಂದು ತುಂಡಿನ ಬಾಯಿಯ ಮೇಲೂ ತಾನೇ ಬೆರಳಾಡಿಸಿದಳು. ನನ್ನ ಎದುರಿಗೇ, ಒಂದನ್ನೂ ಬಿಡದೆ. ನೋಡ್ತೀರಾ ಅಂತ ನನ್ನನ್ನು ಕೇಳಲಿಲ್ಲ.

ಅದೇ ಸಂಜೆ ಅಡುಗೆಮನೆಯಲ್ಲಿ ತನ್ವಿಗೆ ಹೇಳಿದೆ. ಪೂರ್ತಿ ಕೇಳಿದಳು. ಒಂದೇ ಪ್ರಶ್ನೆ ಕೇಳಿದಳು.

"ನಾ ಒಳಗ ಮಲಗತೇನಿ ಅಂದಾಗ್ಲೂ ನಿನಗ ಗೊತ್ತಿತ್ತು?"

ಗೊತ್ತಿತ್ತು ಅಂದೆ. ಅವಳು ತಟ್ಟೆ ಎತ್ತಿಕೊಂಡು ರೂಮಿಗೆ ಹೋದಳು. ಐದು ದಿನ ನನಗೆ ಸಿಕ್ಕಿದ್ದು 'ಹೂಂ' ಮತ್ತು 'ಉಹೂಂ' ಮಾತ್ರ. ಮನೆಯವರಿಗೂ ಹೇಳಿದೆ. ಅವರು ಬಹಳ ಹೊತ್ತು ಪೇಪರ್ ಹಿಡಿದುಕೊಂಡೇ ಇದ್ದರು, ಪುಟ ತಿರುವಲಿಲ್ಲ. ಗುಂಪಿನವರಿಗೆ ಹೇಳಿರಲಿಲ್ಲ. ಇದನ್ನು ಓದಿ ಅವರಿಗೂ ತಿಳಿಯುತ್ತದೆ. ಇನ್ನು ಮೇಲೆ ನನಗೆ ಯಾರು ಕೋಲು ಒಡ್ಡುತ್ತಾರೋ ನೋಡಬೇಕು.

ಆರನೇ ದಿನ ತನ್ವಿ ಸ್ಕೂಲಿನಿಂದ ಬಂದು, ಚಹಾ ಮಾಡಲೇ ಅಂತ ಕೇಳಿದಳು. ಮಾಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ಸಕ್ಕರೆ ಜಾಸ್ತಿ ಐತಿ ಅಂತಲೇ ಹೇಳಿದೆ. ಹೌದಾ ಅಂತ ತಾನೂ ಗುಟುಕರಿಸಿ ನೋಡಿ, ಮುಖ ಕಿವುಚಿ ಸ್ವಲ್ಪ ನಕ್ಕಳು. ಆ ಧೈರ್ಯದ ಮೇಲೆ ಗೆಳತಿಯ ವಿಷಯ ತೆಗೆದೆ. ಕದ್ದು ಕೇಳಿಸಿಕೊಂಡೆ ಅಂತಲೂ ಒಪ್ಪಿಕೊಂಡೆ. ಈಗ ಪರವಾಗಿಲ್ಲ, ದೀದಿ ಹೇಳಿದ ಹಾಗೆ ಮಾಡಿದೆ, ಅವಳು ಮಾತಾಡುತ್ತಿದ್ದಾಳೆ ಅಂದಳು. ದೀದಿ ಏನು ಹೇಳಿದರು ಅಂತ ಕೇಳಿದೆ. 'ವೋ ಹಮಾರಾ ಮಾಮ್ಲಾ ಹೈ, ಮಮ್ಮಿ' ಅಂದಳು. ಅದು ಅವರಿಬ್ಬರ ವಿಷಯವಂತೆ.

ಹಂಸಾಳ ಹೊಲಿಗೆ ಬಿಚ್ಚಿಯಾಗಿದೆ. ಬೆರಳು ಪೂರ್ತಿ ಮಡಚಲು ಇನ್ನೂ ಸ್ವಲ್ಪ ದಿನ ಬೇಕಂತೆ. ಮೊನ್ನೆ ತರಕಾರಿ ಅಂಗಡಿಯಲ್ಲಿ ಸಿಕ್ಕಳು. ತಲೆಯಾಡಿಸಿದಳು, ನಗಲಿಲ್ಲ. ಅದು ಅವಳ ಹಕ್ಕು.

ಇವತ್ತು ಭಾನುವಾರ. ತನ್ವಿ ಬೆಳಿಗ್ಗೆ ಹತ್ತಕ್ಕೇ ಅವಳ ಮನೆಗೆ ಹೋದವಳು ಇನ್ನೂ ಬಂದಿಲ್ಲ. ಉಪ್ಪಿಟ್ಟು ಅಲ್ಲೇ ತಿಂದಿರುತ್ತಾಳೆ. ನನ್ನ ಹೊಟ್ಟೆ ಉರಿಯುತ್ತಿದೆ, ಇಲ್ಲ ಅಂತ ಸುಳ್ಳು ಯಾಕೆ ಹೇಳಲಿ?